ಮೊದಲು ಸಂದು ಮುಚ್ಚಿ, ಬೋನು ಆಮೇಲೆ

ಪೆಸ್ಟ್ ಕಂಟ್ರೋಲ್‌ನವರು ಬಂದು ಔಷಧಿ ಹೊಡೆದು ಹೋದ ಮೇಲೆ ಎರಡು ದಿನ ಮನೆಯೆಲ್ಲ ಘಾಟು. ಅಡುಗೆಮನೆಯ ಮೂಲೆಗಳಲ್ಲಿ ಅಂಗಾತ ಬಿದ್ದ ಜಿರಳೆಗಳನ್ನು ಗುಡಿಸಿ ಹಾಕಿ, ಸದ್ಯ ಪೀಡೆ ತೊಲಗಿತು ಎಂದುಕೊಳ್ಳುತ್ತೇವೆ. ತಿಂಗಳೆರಡು ತಿಂಗಳು ಕಳೆದು ಸಿಂಕಿನ ಕೆಳಗಿನ ಬಾಗಿಲು ತೆರೆದರೆ ಎಳ್ಳುಕಾಳಿನಷ್ಟು ಮರಿಗಳು ದಿಕ್ಕಾಪಾಲಾಗಿ ಓಡುತ್ತವೆ. ಔಷಧಿ ನಕಲಿ ಇರಬೇಕು ಎಂಬ ಅನುಮಾನ ಬರುವುದು ಆಗ. ನಕಲಿಯೇನೂ ಇರಲಿಕ್ಕಿಲ್ಲ. ಜಿರಳೆಯ ಮೊಟ್ಟೆಗಳು ಗಟ್ಟಿ ಚಿಪ್ಪಿನ ಚೀಲದೊಳಗೆ ಭದ್ರವಾಗಿರುತ್ತವೆ; ಸಿಂಪಡಿಸಿದ ಔಷಧಿ ಅದರೊಳಕ್ಕೆ ಇಳಿಯುವುದಿಲ್ಲ. ಹೊರಬಂದ ಮರಿಗಳಿಗೆ ಬೇಕಾದ ಮೂರೂ ಇದ್ದಲ್ಲೇ ಇವೆ: ಅಡಗಲು ಸಂದು, ಕುಡಿಯಲು ಪೈಪಿನಿಂದ ತೊಟ್ಟಿಕ್ಕುವ ನೀರು, ತಿನ್ನಲು ರಾತ್ರಿಯಿಡೀ ಬಿಟ್ಟ ಮುಸುರೆ ಪಾತ್ರೆ.

ಹೊಲಕ್ಕೆಂದು ಕೃಷಿ ವಿಜ್ಞಾನಿಗಳು ಹೇಳುವ ಸಮಗ್ರ ಕೀಟ ನಿರ್ವಹಣೆಯ ಕ್ರಮ ಮನೆಗೂ ಸರಿಹೊಂದುತ್ತದೆ. ಯಾವ ಪ್ರಾಣಿ, ಎಲ್ಲಿಂದ, ಯಾತಕ್ಕೆ ಬರುತ್ತಿದೆ ಎಂದು ನೋಡುವುದು ಮೊದಲು. ಬರುವ ದಾರಿ ಮುಚ್ಚಿ, ಬರುವ ಕಾರಣ ತೆಗೆಯುವುದು ಆಮೇಲೆ. ಅದಾದ ಮೇಲೂ ಉಳಿದದ್ದನ್ನು ಹಿಡಿಯಬೇಕು. ವಿಷ ಕಟ್ಟಕಡೆಗೆ, ಅದೂ ಬೇಕಾದ ಜಾಗದಲ್ಲಿ ಬೇಕಾದಷ್ಟೇ. ನಾವು ಮಾಡುವುದು ಇದರ ತಲೆಕೆಳಗು: ಮೊದಲೇ ಅಂಗಡಿಗೆ ಹೋಗಿ ಡಬ್ಬಿ ತರುತ್ತೇವೆ, ಗೋಡೆಯ ತೂತು ಮುಂದಿನ ಸುಣ್ಣಬಣ್ಣದವರೆಗೂ ಹಾಗೆಯೇ ಇರುತ್ತದೆ.

ಇಲಿಯಿಂದ ಶುರು ಮಾಡೋಣ. ಹಿಕ್ಕೆ ನೋಡಿದರೆ ಅರ್ಧ ವಿಷಯ ತಿಳಿಯುತ್ತದೆ. ಜೀರಿಗೆಯಷ್ಟು ಸಣ್ಣ, ತುದಿ ಚೂಪಾದ ಹಿಕ್ಕೆ ಅಲ್ಲಲ್ಲಿ ಚೆಲ್ಲಾಡಿದ್ದರೆ ಅದು ಸಣ್ಣ ಇಲಿ. ಒಂದು ಸೆಂಟಿಮೀಟರಿಗೂ ಉದ್ದವಿದ್ದರೆ ದೊಡ್ಡದು. ಅಂಗಳದಲ್ಲೋ ಚರಂಡಿ ಪಕ್ಕದಲ್ಲೋ ಮಣ್ಣು ಗುಡ್ಡೆ ಹಾಕಿ ಬಿಲ ತೋಡಿದ್ದರೆ ಹೆಗ್ಗಣ. ರಾತ್ರಿ ಗೋಡೆಯ ಅಂಚು ಹಿಡಿದು ಚಿಕ್‌ಚಿಕ್ ಎನ್ನುತ್ತ ಓಡುವ, ಮೂತಿ ಚೂಪಾದ, ಗಬ್ಬು ವಾಸನೆಯ ಸುಂಡಿಲಿ ಮಾತ್ರ ಇಲಿಯ ಜಾತಿಗೇ ಸೇರಿದ್ದಲ್ಲ. ಅದು ಜಿರಳೆ, ಹುಳಹುಪ್ಪಟೆ ತಿಂದು ಬದುಕುವ ಪ್ರಾಣಿ. ವಾಸನೆ ಸಹಿಸಬಲ್ಲಿರಾದರೆ ಅದನ್ನು ಅದರ ಪಾಡಿಗೆ ಬಿಡಬಹುದು.

ಇಲಿ ಬರುವ ದಾರಿ ಹುಡುಕಲು ಮನೆಯಲ್ಲೇ ಇರುವ ರಂಗೋಲಿ ಪುಡಿ ಸಾಕು. ಮಲಗುವ ಮುಂಚೆ ಅನುಮಾನವಿರುವ ಕಡೆ ತೆಳ್ಳಗೆ ಉದುರಿಸಿ. ಬೆಳಿಗ್ಗೆ ಅದರ ಮೇಲೆ ಪುಟ್ಟ ಹೆಜ್ಜೆಗಳು, ಹೆಜ್ಜೆಗಳ ನಡುವೆ ಬಾಲ ಎಳೆದ ಗೆರೆ, ಗ್ಯಾಸ್ ಪೈಪಿನ ತೂತಿನಿಂದ ಹೊರಟು ಅಕ್ಕಿ ಡಬ್ಬದ ಹಿಂದೆ ಹೋದದ್ದು ಓದಿದಂತೆ ಕಾಣುತ್ತದೆ. ಇಲಿ ಕೋಣೆಯ ನಡುವೆ ಅಡ್ಡಾಡುವುದು ಅಪರೂಪ. ಮೀಸೆ ಗೋಡೆಗೆ ತಾಗುವಂತೆ ಅಂಚಿನಲ್ಲೇ ಓಡುತ್ತದೆ. ದಿನವೂ ಓಡಾಡುವ ಕಡೆ ಮೈಯ ಜಿಡ್ಡು ಅಂಟಿ ಗೋಡೆಗೆ ಕಪ್ಪು ಪಟ್ಟಿ ಬಿದ್ದಿರುತ್ತದೆ. ಅದನ್ನು ಹಿಡಿದು ಹೋದರೂ ತೂತು ಸಿಗುತ್ತದೆ.

ತೂತು ಎಂದರೆ ನಾವು ಅಂದುಕೊಳ್ಳುವಷ್ಟು ದೊಡ್ಡದಿರಬೇಕಿಲ್ಲ. ಪೆನ್ಸಿಲ್ ತೂರುವಷ್ಟು ಸಂದು ಸಣ್ಣ ಇಲಿಗೆ ಸಾಕು. ಹೆಬ್ಬೆರಳು ತೂರಿದರೆ ದೊಡ್ಡ ಇಲಿಯೂ ಬರುತ್ತದೆ. ಎಸಿ ಪೈಪು ಹೊರಗೆ ಹೋಗುವ ಜಾಗ, ಸಿಂಕಿನ ಕೆಳಗೆ ಪ್ಲಂಬರು ಒಡೆದು ಹಾಗೇ ಬಿಟ್ಟ ಗೋಡೆ, ಎಕ್ಸಾಸ್ಟ್ ಫ್ಯಾನಿನ ಚೌಕಟ್ಟು, ಹಿತ್ತಲ ಬಾಗಿಲಿನ ಕೆಳಗೆ ಬೆಳಕು ಕಾಣುವ ಸಂದು, ಹೆಂಚಿನ ಮನೆಯಾದರೆ ಮಾಡು ಮತ್ತು ಗೋಡೆ ಸೇರುವಲ್ಲಿನ ಸಂದು, ಇಷ್ಟನ್ನು ಒಂದು ಭಾನುವಾರ ಕೂತು ನೋಡಿದರೆ ಮುಗಿಯಿತು. ಬಟ್ಟೆ, ಥರ್ಮಾಕೋಲ್, ಫೋಮ್ ತುರುಕಿ ಪ್ರಯೋಜನವಿಲ್ಲ. ಇಲಿಯ ಮುಂಬಲ್ಲು ಜೀವಮಾನವಿಡೀ ಬೆಳೆಯುತ್ತಲೇ ಇರುತ್ತದೆ, ಕಡಿಯುವುದು ಅದರ ನಿತ್ಯದ ಕೆಲಸ. ಪಾತ್ರೆ ತಿಕ್ಕುವ ಸ್ಟೀಲ್ ನಾರನ್ನು ಬಿಗಿಯಾಗಿ ತುರುಕಿ ಅದರ ಮೇಲೆ ಸಿಮೆಂಟ್ ಮೆತ್ತಬೇಕು. ಗಾಳಿ ಬೇಕಾದ ಕಡೆ ಕಾಲಂಗುಲದ ಕಬ್ಬಿಣದ ಜಾಲರಿ. ಬಾಗಿಲಡಿಗೆ ಅಲ್ಯುಮಿನಿಯಂ ಪಟ್ಟಿ. ಮಾಡಿನ ಮೇಲೆ ಬಾಗಿದ ಕೊಂಬೆ ಇದ್ದರೆ ಸವರಿಬಿಡಿ.

ಮುಚ್ಚುವ ಮೊದಲು ಒಂದು ಎಚ್ಚರ. ಒಳಗೆ ಇಲಿ ಇರುವಾಗಲೇ ಸಿಮೆಂಟ್ ಹಾಕಿದರೆ ಅದು, ಅದರ ಮರಿಗಳು ಗೋಡೆಯೊಳಗೇ ಹಸಿದು ಸಾಯುತ್ತವೆ, ವಾಸನೆ ವಾರಗಟ್ಟಲೆ ಹೋಗುವುದಿಲ್ಲ. ಸಂಜೆ ತೂತಿನ ಬಾಯಿಗೆ ಕಾಗದದ ಉಂಡೆ ಸಡಿಲವಾಗಿ ಇಡಿ. ಎರಡು ಮೂರು ರಾತ್ರಿ ಅದು ಕದಲದಿದ್ದರೆ ಆ ದಾರಿಯಲ್ಲಿ ಯಾರೂ ಇಲ್ಲ ಎಂದು ತಿಳಿದು ಮುಚ್ಚಬಹುದು.

ಒಳಗೇ ಉಳಿದದ್ದನ್ನು ಹಿಡಿಯಲು ಹಳೆಯ ತಂತಿಬೋನಿಗಿಂತ ಒಳ್ಳೆಯದು ಇನ್ನೂ ಬಂದಿಲ್ಲ. ಬೋನಿಗೆ ಇಲಿ ಬೀಳುತ್ತಿಲ್ಲ ಎಂದು ದೂರುವವರು ಸಾಮಾನ್ಯವಾಗಿ ಮೊದಲ ರಾತ್ರಿಯೇ ಕೊಕ್ಕೆ ಸಿಗಿಸಿರುತ್ತಾರೆ. ದೊಡ್ಡ ಇಲಿಗೆ ಹೊಸ ವಸ್ತುವೆಂದರೆ ಅನುಮಾನ; ತನ್ನ ದಾರಿಯಲ್ಲಿ ಏನಾದರೂ ಹೊಸದಾಗಿ ಕಂಡರೆ ಕೆಲವು ದಿನ ಹತ್ತಿರ ಸುಳಿಯುವುದಿಲ್ಲ. ಹಾಗಾಗಿ ಬೋನಿನ ಬಾಗಿಲು ಬೀಳದಂತೆ ಕಟ್ಟಿ, ಒಳಗೆ ಸುಟ್ಟ ಕೊಬ್ಬರಿ ಚೂರು ಅಥವಾ ಹುರಿದ ಕಡಲೆಕಾಯಿ ಇಟ್ಟು, ಗೋಡೆಗೆ ತಾಗಿಸಿ ಮೂರು ನಾಲ್ಕು ದಿನ ಸುಮ್ಮನೆ ಬಿಡಿ. ತಿಂದುಹೋಗುವ ಅಭ್ಯಾಸವಾದ ಮೇಲೆ ಕೊಕ್ಕೆ ಹಾಕಿ. ಸಣ್ಣ ಇಲಿಗೆ ಇಷ್ಟು ಸಂಯಮ ಬೇಡ, ಅದು ಸ್ವಭಾವತಃ ಕುತೂಹಲಿ.

ಬೆಳಿಗ್ಗೆ ಎದ್ದ ಕೂಡಲೇ ಬೋನು ನೋಡಬೇಕು. ಬಿಸಿಲಲ್ಲಿ ಮಧ್ಯಾಹ್ನದವರೆಗೆ ಬಿಡುವುದು, ಬೋನನ್ನು ಬಕೆಟ್ ನೀರಿನಲ್ಲಿ ಮುಳುಗಿಸುವುದು ಎರಡೂ ಹಿಂಸೆಯೇ. ಐದು ಕಿಲೋಮೀಟರ್ ಆಚೆ, ಇನ್ನೊಂದು ಬಡಾವಣೆಯಲ್ಲಿ ಬಿಟ್ಟು ಬರುವುದನ್ನು ದಯೆ ಎಂದು ನಾನು ಒಪ್ಪಲಾರೆ: ಬಿಲ, ನೀರು, ಅಡಗುತಾಣ ಯಾವುದೂ ಗೊತ್ತಿಲ್ಲದ ಜಾಗದಲ್ಲಿ ಅದು ಹೆಚ್ಚು ದಿನ ಉಳಿಯುವುದಿಲ್ಲ, ಉಳಿದರೆ ಬೇರೆಯವರ ಮನೆಗೆ ನುಗ್ಗುತ್ತದೆ. ಮನೆಯ ಸಂದುಗಳನ್ನು ಸರಿಯಾಗಿ ಮುಚ್ಚಿದ್ದರೆ ಹತ್ತಿರದ ಪೊದೆಯ ಬಳಿಯೇ ಬಿಡಬಹುದು. ಕೈಗೆ ಗ್ಲೌಸ್ ಇರಲಿ. ಇಲಿಯ ಮೂತ್ರದಿಂದ ಇಲಿಜ್ವರ ಹರಡುತ್ತದೆ, ಕಾಲಿನ ಸಣ್ಣ ಗಾಯ ಸಾಕು. ಹಿಕ್ಕೆಯನ್ನು ಒಣದಾಗಿ ಗುಡಿಸಿ ದೂಳೆಬ್ಬಿಸದೆ, ಬ್ಲೀಚಿಂಗ್ ನೀರು ಚಿಮುಕಿಸಿ ಒದ್ದೆ ಮಾಡಿ ಒರೆಸಿ ತೆಗೆಯಬೇಕು.

ಬೋನಿಗೆ ಬದಲು ಈಗ ಎಲ್ಲ ಅಂಗಡಿಯಲ್ಲೂ ನೇತಾಡುವುದು ಅಂಟಿನ ಹಲಗೆ. ಅದರ ಮೇಲೆ ಕಾಲಿಟ್ಟ ಇಲಿ ಬಿಡಿಸಿಕೊಳ್ಳಲು ಎಳೆದಾಡಿ ಚರ್ಮ ಕಿತ್ತುಕೊಳ್ಳುತ್ತದೆ, ತನ್ನ ಕಾಲನ್ನೇ ಕಚ್ಚಿಕೊಳ್ಳುತ್ತದೆ. ಹಸಿವು ಬಾಯಾರಿಕೆಯಲ್ಲಿ ಸಾಯಲು ಗಂಟೆಗಳಿಂದ ದಿನಗಳವರೆಗೆ ಹಿಡಿಯುತ್ತದೆ. ಹಲ್ಲಿ, ಅಳಿಲು, ಗುಬ್ಬಿಯೂ ಅಂಟುತ್ತವೆ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ ಇದರ ಬಳಕೆಯ ವಿರುದ್ಧ ಸಲಹೆ ಕೊಟ್ಟಿದೆ. 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ ಆಧಾರದಲ್ಲಿ ಹಲವು ರಾಜ್ಯಗಳು ನಿಷೇಧಿಸಿವೆ. ಮನೆಯಲ್ಲಿ ಈಗಾಗಲೇ ಇಟ್ಟಿದ್ದು ಅದಕ್ಕೆ ಹಲ್ಲಿಯೋ ಹಕ್ಕಿಮರಿಯೋ ಸಿಕ್ಕಿಕೊಂಡಿದ್ದರೆ ಎಳೆಯಬೇಡಿ. ಅಂಟಿದ ಭಾಗಕ್ಕೆ ಅಡುಗೆ ಎಣ್ಣೆಯನ್ನು ಸ್ವಲ್ಪ ಸ್ವಲ್ಪವಾಗಿ ಸವರಿದರೆ ಅಂಟು ಬಿಡುತ್ತದೆ.

ಪಾಷಾಣದ ವಿಷಯದಲ್ಲಿ ನನ್ನ ಮಾತು ಇನ್ನೂ ಕಟು. ಬಹಳ ಕಡೆ ಮಾರುವ ಬಿಲ್ಲೆಗಳಲ್ಲಿರುವುದು ಬ್ರೋಮಾಡಿಯೋಲೋನ್. ರಕ್ತ ಹೆಪ್ಪುಗಟ್ಟಲು ಬೇಕಾದ ವಿಟಮಿನ್ ಕೆ ದೇಹದಲ್ಲಿ ಮರುಬಳಕೆಯಾಗದಂತೆ ಅದು ತಡೆಯುತ್ತದೆ. ತಿಂದ ಇಲಿ ಆ ಕ್ಷಣ ಸಾಯದೆ ಕೆಲವು ದಿನ ಒಳಗೊಳಗೇ ರಕ್ತ ಸೋರಿ ಬಳಲುತ್ತದೆ. ಅಂಥ ಮಂಕಾದ ಇಲಿ ಸುಲಭದ ಬೇಟೆ. ಬೆಕ್ಕು, ನಾಯಿ, ಕಣಜದ ಗೂಬೆ ಅದನ್ನು ತಿಂದು ವಿಷವನ್ನೂ ನುಂಗುತ್ತವೆ. ಒಂದು ಗೂಬೆ ಸತ್ತರೆ ರಾತ್ರಿಗೆ ಒಂದೆರಡು ಇಲಿ ತಿನ್ನುತ್ತಿದ್ದ ಬಾಯಿ ಇಲ್ಲವಾದಂತೆ. ಇನ್ನು ಟ್ಯೂಬಿನಲ್ಲಿ ಬರುವ ಹಳದಿ ರಂಜಕದ ಪೇಸ್ಟ್. ಅದಕ್ಕೆ ಪ್ರತಿವಿಷವೇ ಇಲ್ಲ. ಮನುಷ್ಯನ ಯಕೃತ್ತನ್ನು ಹಾಳು ಮಾಡುತ್ತದೆ, ಬದುಕಿಸಲು ವೈದ್ಯರು ಪಡುವ ಪಾಡು ಅಷ್ಟಿಷ್ಟಲ್ಲ. ಮಕ್ಕಳಿರುವ ಮನೆಗೆ, ಮನಸ್ಸು ನೊಂದವರಿರುವ ಮನೆಗೆ ಅದನ್ನು ತರಲೇಬಾರದು. ಕೊಲ್ಲಲೇಬೇಕಾದ ಸಂದರ್ಭ ಬಂದರೆ ಬಲವಾದ ಸ್ಪ್ರಿಂಗಿನ ಹೊಡೆಬೋನು ಒಂದೇ ಏಟಿಗೆ ಮುಗಿಸುತ್ತದೆ. ವಿಷಕ್ಕಿಂತ, ಅಂಟಿಗಿಂತ ಅದು ಸಾವಿರ ಪಾಲು ಮೇಲು.

ಇಲಿ ಇದ್ದಲ್ಲಿಗೆ ಹಾವು ಬರುತ್ತದೆ ಎಂಬುದು ಎಲ್ಲರಿಗೂ ಗೊತ್ತು. ತೋಟದ ಮನೆಗಳಲ್ಲಿ ಕಾಣುವ ಕೇರೆ ಹಾವಿಗೆ ವಿಷವಿಲ್ಲ. ಅದು ಬಿಲಕ್ಕೇ ನುಗ್ಗಿ ಇಲಿ ಹಿಡಿಯುತ್ತದೆ, 1972ರ ವನ್ಯಜೀವಿ ಕಾಯಿದೆ ಅದನ್ನು ರಕ್ಷಿಸುತ್ತದೆ. ಹಾವು ಬಾರದಿರಲಿ ಎಂದು ಅಂಗಳಕ್ಕೆ ಫಿನಾಯಿಲು, ಕಾರ್ಬಾಲಿಕ್ ಆಸಿಡ್ ಸುರಿಯುವುದು ದುಡ್ಡು ದಂಡ. ಸೌದೆ ರಾಶಿ, ಹೆಂಚಿನ ರಾಶಿಗಳನ್ನು ಮನೆಯಿಂದ ದೂರವಿಟ್ಟು, ಕೋಳಿಕಾಳು ಚೆಲ್ಲದಂತೆ ನೋಡಿಕೊಂಡರೆ ಇಲಿಯೂ ಕಡಿಮೆ, ಹಾವೂ ಕಡಿಮೆ. ಒಳಗೇ ಬಂದಿದ್ದರೆ ದೂರದಿಂದ ಕಣ್ಣಿಟ್ಟು ಅರಣ್ಯ ಇಲಾಖೆಗೋ ಪರಿಣತ ಉರಗ ರಕ್ಷಕರಿಗೋ ಫೋನ್ ಮಾಡಿ.

ಈಗ ಜಿರಳೆ. ಬಚ್ಚಲ ಕಿಂಡಿಯಿಂದ ಬರುವ ದೊಡ್ಡ ಕೆಂಪು ಜಿರಳೆಗೂ, ಅಡುಗೆಮನೆಯ ಡ್ರಾಯರಿನಲ್ಲಿ ಸಂಸಾರ ಹೂಡುವ ಸಣ್ಣ ಕಂದು ಜಿರಳೆಗೂ ಮದ್ದು ಬೇರೆ. ದೊಡ್ಡದಕ್ಕೆ ಕಿಂಡಿಗಳಿಗೆ ಸಣ್ಣ ಕಣ್ಣಿನ ಜಾಲರಿ, ಕಿಂಡಿಯಡಿಯ ಒಣಗಿದ ಟ್ರ್ಯಾಪ್‌ಗಳಿಗೆ ಒಂದು ಚೊಂಬು ನೀರು, ಇಷ್ಟರಲ್ಲೇ ಬಹುಪಾಲು ನಿಲ್ಲುತ್ತದೆ. ಸಣ್ಣದು ಹಟಮಾರಿ. ಕತ್ತಿನ ಹಿಂದೆ ಎರಡು ಕಪ್ಪು ಗೆರೆ ಇರುವ ಇದು ಹೆಚ್ಚಾಗಿ ಮನೆಗೆ ಬರುವುದು ದಿನಸಿ ಅಂಗಡಿಯ ರಟ್ಟಿನ ಪೆಟ್ಟಿಗೆಯಲ್ಲಿ, ಸೆಕೆಂಡ್‌ಹ್ಯಾಂಡ್ ಫ್ರಿಜ್ಜಿನ ಬೆನ್ನಿಗೆ. ಹೆಣ್ಣು ಹೊತ್ತು ತಿರುಗುವ ಒಂದೊಂದು ಚೀಲದಲ್ಲಿ 30-40 ಮೊಟ್ಟೆ. ನೀರೊಂದಿದ್ದರೆ ಇದು ಅನ್ನವಿಲ್ಲದೆ ತಿಂಗಳು ದಾಟಿಸುತ್ತದೆ. ನೀರೂ ಇಲ್ಲದಿದ್ದರೆ ಎರಡು ವಾರವೂ ಕಷ್ಟ. ರಾತ್ರಿ ಮಲಗುವಾಗ ಸಿಂಕನ್ನು ಒರೆಸಿ ಒಣಗಿಸಿ, ಒದ್ದೆ ಸ್ಪಾಂಜು ಹಿಂಡಿ ನೇತುಹಾಕಿ, ಸೋರುವ ನಲ್ಲಿಗೆ ವಾಷರ್ ಹಾಕಿಸಿ ಎನ್ನುವುದು ಅದಕ್ಕೇ.

ಉಳಿದ ಕೆಲಸಕ್ಕೆ ಕೇರಂ ಬೋರ್ಡಿನ ಮೇಲೆ ಹಾಕುವ ಬೋರಿಕ್ ಪುಡಿ. ಒಂದು ಪಾಲು ಪುಡಿ, ಎರಡು ಪಾಲು ಗೋಧಿ ಹಿಟ್ಟು, ಸ್ವಲ್ಪ ಸಕ್ಕರೆಗೆ ಕೊಂಚ ಹಾಲು ಹಾಕಿ ಕಲಸಿ ಬಟಾಣಿ ಗಾತ್ರದ ಉಂಡೆ ಮಾಡಿ, ಫ್ರಿಜ್ಜಿನ ಹಿಂದೆ, ಡ್ರಾಯರಿನ ಒಳಮೂಲೆಯಲ್ಲಿ, ಗ್ಯಾಸ್ ಕಟ್ಟೆಯ ಸಂದಿನಲ್ಲಿ ಇಡಿ. ಜಿರಳೆ ತಿನ್ನುತ್ತದೆ, ಕಾಲಿಗೆ ಮೀಸೆಗೆ ಅಂಟಿದ್ದನ್ನು ನೆಕ್ಕಿ ಶುಚಿ ಮಾಡಿಕೊಳ್ಳುವಾಗಲೂ ನುಂಗುತ್ತದೆ. ಸಾಯಲು ಕೆಲವು ದಿನ ಬೇಕು, ಫಲ ಕಾಣಲು ಒಂದೆರಡು ವಾರ. ಈ ನಡುವೆ ಅವಸರಪಟ್ಟು ಸ್ಪ್ರೇ ಹೊಡೆದರೆ ಕೆಲಸ ಕೆಡುತ್ತದೆ: ಆ ವಾಸನೆಗೆ ಜಿರಳೆಗಳು ಉಂಡೆಯ ಹತ್ತಿರ ಬಾರದೆ ಪಕ್ಕದ ಕೋಣೆಗೆ ಚದುರುತ್ತವೆ. ಬೋರಿಕ್ ಪುಡಿ ಹೊಟ್ಟೆಗೆ ಹೋದರೆ ಮಕ್ಕಳಿಗೂ ಸಾಕುಪ್ರಾಣಿಗಳಿಗೂ ಅಪಾಯ, ಅವರ ಕೈಗೆಟುಕುವ ಕಡೆ ಇಡಬಾರದು. ಅಂಥ ಜಾಗವೇ ಇಲ್ಲದ ಮನೆಯಲ್ಲಿ ಸಿರಿಂಜಿನಲ್ಲಿ ಬರುವ ಜೆಲ್ ಮೇಲು. ಅದೂ ರಾಸಾಯನಿಕವೇ, ಆದರೆ ಸಾಸಿವೆಯಷ್ಟನ್ನು ಸಂದಿನೊಳಗೆ ಹಚ್ಚಿದರೆ ಸಾಕು, ಮನೆಯವರು ಉಸಿರಾಡುವ ಗಾಳಿಗೆ ಸೇರುವುದಿಲ್ಲ.

ಸಿಂಕಿಗೆ ನುಸಿಗುಳಿಗೆ ಹಾಕುವ ಅಭ್ಯಾಸ ಬಿಡುವುದು ಒಳ್ಳೆಯದು. ಬೀರುವಿನಲ್ಲೂ ಅಷ್ಟೇ, ಹಸುಗೂಸಿರುವ ಮನೆಯಲ್ಲಂತೂ ಬೇಡವೇ ಬೇಡ. ಜಿ6ಪಿಡಿ ಎಂಬ ಕಿಣ್ವದ ಕೊರತೆಯೊಂದಿಗೆ ಹುಟ್ಟಿದ ಮಕ್ಕಳಿಗೆ ಆ ಗುಳಿಗೆಯ ನ್ಯಾಫ್ತಲೀನ್ ತಾಗಿದರೆ ಕೆಂಪು ರಕ್ತಕಣ ಒಡೆಯುತ್ತವೆ. ರೇಷ್ಮೆ ಸೀರೆ, ಕಂಬಳಿಗೆ ಹುಳ ಹಿಡಿಯುವುದು ಬೆವರಿನ, ಊಟದ ಕಲೆ ಇರುವಲ್ಲಿ. ಶುಚಿ ಮಾಡಿ, ಉಣ್ಣೆಯಾದರೆ ಬಿಸಿಲಿಗೆ ಹಾಕಿ ಕೊಡವಿ, ಹಳೆ ಪಂಚೆಯಲ್ಲಿ ಬಿಗಿಯಾಗಿ ಸುತ್ತಿಟ್ಟರೆ ಸಾಕು. ಲಾವಂಚದ ಬೇರು ಪರಿಮಳಕ್ಕೆ.

ಅಕ್ಕಿ ಬೇಳೆಯ ಹುಳುವಿನ ವಿಷಯಕ್ಕೆ ಬಂದರೆ, ನಮ್ಮ ಹಿರಿಯರಿಗೆ ಗೊತ್ತಿದ್ದಷ್ಟು ಇವತ್ತಿನ ಅಡುಗೆಮನೆಗೆ ಗೊತ್ತಿಲ್ಲ. ನಿನ್ನೆ ತಾನೇ ಆರಿಸಿ ಮುಚ್ಚಿಟ್ಟ ಅಕ್ಕಿಯಲ್ಲಿ ಇವತ್ತು ಹುಳು ಎಲ್ಲಿಂದ ಬಂತು? ಅದು ಒಳಗೇ ಇತ್ತು. ಮೂತಿ ಉದ್ದವಿರುವ ಆ ಕಪ್ಪು ಹುಳುವಿನ ಹೆಣ್ಣು ಅಕ್ಕಿಕಾಳನ್ನು ಕೊರೆದು, ಒಳಗೆ ಮೊಟ್ಟೆಯಿಟ್ಟು, ಅಂಟುದ್ರವದಿಂದ ತೂತು ಮುಚ್ಚುತ್ತದೆ. ಹೊರಗಿನಿಂದ ಏನೂ ಕಾಣದು. ಮರಿ ಕಾಳಿನೊಳಗೇ ತಿಂದು ಬೆಳೆದು ಸುಮಾರು ತಿಂಗಳಿಗೆ ಹೊರಬರುತ್ತದೆ. ಹೆಸರುಕಾಳು, ಅಲಸಂದೆ, ಕಡಲೆಗೆ ಬೀಳುವ ದುಂಡು ಹುಳುವಿನ ರೀತಿ ಬೇರೆ: ಅದು ಕಾಳಿನ ಸಿಪ್ಪೆಯ ಮೇಲೆ ಬಿಳಿ ಚುಕ್ಕಿಯಂಥ ಮೊಟ್ಟೆ ಅಂಟಿಸುತ್ತದೆ, ಮರಿ ಅಲ್ಲಿಂದ ನೇರ ಒಳಕ್ಕೆ ಕೊರೆಯುತ್ತದೆ.

ಎರಡೂ ಹೀಗೆ ಬೇರೆ ಇರುವುದರಿಂದಲೇ ಹಳೆಯ ಉಪಾಯಗಳೂ ಬೇರೆ ಬೇರೆ. ಕಾಳಿಗೆ ಹರಳೆಣ್ಣೆ ಸವರುವುದು ಸಿಪ್ಪೆಯ ಮೇಲಿನ ಮೊಟ್ಟೆಗೆ ಉಸಿರು ಕಟ್ಟಿಸಲು. ಕೆಜಿಗೆ ಒಂದು ಚಮಚ ಸಾಕು, ಅಂಗೈಯಲ್ಲಿ ಉಜ್ಜಿ ಎಲ್ಲ ಕಾಳಿಗೂ ಹತ್ತಿಸಬೇಕು. ತೊಗರಿಗೆ ಕೆಮ್ಮಣ್ಣು, ಅವರೆ ಹುರುಳಿಗೆ ಬೂದಿ ಬೆರೆಸುವುದು ಇನ್ನೊಂದು ಬಗೆ. ಆ ನಯವಾದ ಪುಡಿ ಹುಳುವಿನ ಮೈಮೇಲಿನ ಮೇಣದ ಪದರವನ್ನು ಉಜ್ಜಿ ತೆಗೆಯುತ್ತದೆ, ಮೈಯ ತೇವ ಆರಿ ಹುಳು ಸಾಯುತ್ತದೆ. ಡಬ್ಬದಲ್ಲಿಡುವ ಬೇವಿನೆಲೆ, ಒಣಮೆಣಸಿನಕಾಯಿ, ಲವಂಗ ಹೊರಗಿನ ಹುಳುವನ್ನು ಸ್ವಲ್ಪ ದೂರ ಇಡಬಹುದು. ಕಾಳಿನೊಳಗಿನ ಮರಿಗೆ ಅವುಗಳ ಗೊಡವೆಯೇ ಇಲ್ಲ. ಅದನ್ನು ಕೊಲ್ಲಬೇಕೆಂದರೆ ಅಂಗಡಿಯಿಂದ ತಂದ ಅಕ್ಕಿ, ರವೆ, ಹಿಟ್ಟಿನ ಪೊಟ್ಟಣವನ್ನು ನಾಲ್ಕೈದು ದಿನ ಫ್ರೀಜರಿನಲ್ಲಿಡಿ. ಹೊರತೆಗೆದ ಮೇಲೆ ಪೂರ್ತಿ ತಣುವು ಬಿಡುವವರೆಗೆ ಬಾಯಿ ಬಿಚ್ಚಬೇಡಿ, ಇಲ್ಲದಿದ್ದರೆ ನೀರು ಆಡಿ ಬೂಸರು ಬರುತ್ತದೆ. ಬೇಳೆಕಾಳಿಗೆ ಕಡು ಬಿಸಿಲು ಒಳ್ಳೆಯದು. ಅಕ್ಕಿಯನ್ನು ಮಾತ್ರ ಹೆಚ್ಚು ಹೊತ್ತು ಒಣಗಿಸಿದರೆ ಬಿರಿದು ನುಚ್ಚಾಗುತ್ತದೆ.

ಹಳೆ ಮೈಸೂರು ಸೀಮೆಯ ಹಗೇವುಗಳನ್ನು ನೆನೆಯದೆ ಈ ಮಾತು ಮುಗಿಯುವುದಿಲ್ಲ. ನೆಲದೊಳಗೆ ಹೂಜಿಯಾಕಾರದಲ್ಲಿ ತೋಡಿದ ಗುಂಡಿ, ಸುತ್ತ ಹುಲ್ಲಿನ ಒತ್ತು, ತುಂಬ ರಾಗಿ, ಬಾಯಿಗೆ ಕಲ್ಲುಚಪ್ಪಡಿ, ಮೇಲೆ ಮಣ್ಣು. ವರ್ಷಗಟ್ಟಲೆ ರಾಗಿ ಕೆಡುತ್ತಿರಲಿಲ್ಲ. ರಾಗಿಕಾಳು ತೀರ ಸಣ್ಣದು, ಅದರೊಳಗೆ ಹುಳುವಿನ ಮರಿ ಬೆಳೆಯುವಷ್ಟು ಜಾಗವಿಲ್ಲ ಎಂಬುದು ಒಂದು ಕಾರಣ. ಮುಚ್ಚಿದ ಹಗೇವಿನಲ್ಲಿ ಕಾಳಿನ ಉಸಿರಾಟದಿಂದ ಆಮ್ಲಜನಕ ಕರಗಿ ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತಿತ್ತು ಎಂಬುದು ಇನ್ನೊಂದು. ಹುಳು ಬದುಕಲು ಅಲ್ಲಿ ಗಾಳಿಯೇ ಇರುತ್ತಿರಲಿಲ್ಲ. ಮನುಷ್ಯನಿಗೂ ಇರುತ್ತಿರಲಿಲ್ಲ. ಹಗೇವು ತೆರೆದ ಮೇಲೆ ಬಹಳ ಹೊತ್ತು ಬಿಟ್ಟು, ದೀಪ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಆಳು ಇಳಿಯುತ್ತಿದ್ದ. ಆ ಎಚ್ಚರ ತಪ್ಪಿ ಪ್ರಾಣ ಬಿಟ್ಟವರಿದ್ದಾರೆ. ಇವತ್ತು ಗಾಳಿಯಾಡದ ಪದರದ ಚೀಲಗಳೆಂದು ರೈತರಿಗೆ ಮಾರುತ್ತಿರುವುದರ ಹಿಂದಿರುವುದೂ ಇದೇ ತತ್ವ. ಮನೆಯಲ್ಲಿ ರಬ್ಬರ್ ಬಿಗಿಪಟ್ಟಿಯ ಡಬ್ಬವನ್ನು ಕಂಠದವರೆಗೆ ತುಂಬಿ ಮುಚ್ಚಿಟ್ಟರೆ ಅಷ್ಟರಮಟ್ಟಿಗೆ ಅದೇ ಹಗೇವು. ಅರ್ಧ ಖಾಲಿ ಡಬ್ಬಕ್ಕೆ ಆ ಗುಣವಿಲ್ಲ.

ಕಾಳಿನ ಮೂಟೆಗೆ ಇಡುವ ಗುಳಿಗೆಯನ್ನು ಮಾತ್ರ ಮನೆಯೊಳಗೆ ತರಬೇಡಿ. ಅಲ್ಯುಮಿನಿಯಂ ಫಾಸ್ಫೈಡ್ ತೇವ ತಾಗಿದರೆ ಫಾಸ್ಫೀನ್ ಅನಿಲ ಬಿಡುತ್ತದೆ. ಮುಚ್ಚಿದ ಕೋಣೆಯಲ್ಲಿ ಮಲಗಿದವರು ಬೆಳಿಗ್ಗೆ ಏಳದಿರಬಹುದು. ಸಾಮಾನ್ಯ ಜನರಿಗೆ ಅದನ್ನು ಮಾರುವುದಕ್ಕೇ ನಿರ್ಬಂಧವಿದೆ. ಆದರೂ ಹೆಸರು ಹೇಳಿದರೆ ಕಟ್ಟಿಕೊಡುವ ಅಂಗಡಿಗಳಿವೆ.

ಸೊಳ್ಳೆಯ ಮೇಲೆ ನನಗೆ ಕರುಣೆಯಿಲ್ಲ, ಆದರೆ ಯುದ್ಧ ಮಾಡಬೇಕಾದದ್ದು ಹಾರುವ ಸೊಳ್ಳೆಯ ಜೊತೆಗಲ್ಲ. ಡೆಂಗಿ ಹರಡುವ ಈಡಿಸ್ ಹಗಲು ಕಚ್ಚುತ್ತದೆ, ನಿಂತ ಶುದ್ಧ ನೀರಿನಲ್ಲಿ ಬೆಳೆಯುತ್ತದೆ, ಮೊಟ್ಟೆಯಿಂದ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ತೆಗೆದುಕೊಳ್ಳುತ್ತದೆ. ವಾರಕ್ಕೊಮ್ಮೆ ನೀರು ಚೆಲ್ಲಿ ಎನ್ನುವುದಕ್ಕೆ ಕಾರಣ ಆ ಲೆಕ್ಕ. ಚೆಲ್ಲಿದರಷ್ಟೇ ಸಾಲದು, ಉಜ್ಜಬೇಕು: ಮೊಟ್ಟೆಗಳು ನೀರಿನ ಮಟ್ಟಕ್ಕಿಂತ ತುಸು ಮೇಲೆ ಪಾತ್ರೆಯ ಒಳಗೋಡೆಗೆ ಅಂಟಿರುತ್ತವೆ, ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ, ಮತ್ತೆ ನೀರು ಬಿದ್ದ ದಿನ ಒಡೆಯುತ್ತವೆ. ಫ್ರಿಜ್ಜಿನ ಹಿಂದಿನ ತಟ್ಟೆ, ಮನಿಪ್ಲಾಂಟಿನ ಬಾಟಲಿ, ಹಿತ್ತಲಿಗೆ ಸೇರಿದ ಹಳೆ ಒರಳು, ಮುಚ್ಚಳ ಸೀಳಿದ ತಾರಸಿಯ ಟ್ಯಾಂಕು, ಎಳನೀರಿನ ಬುರುಡೆ, ಕರಾವಳಿ ಮಲೆನಾಡಿನಲ್ಲಿ ತೋಟಕ್ಕೆ ಬಿದ್ದ ಅಡಿಕೆ ಹಾಳೆ ಮತ್ತು ರಬ್ಬರ್ ಹಾಲಿನ ಚಿಪ್ಪು, ಎಲ್ಲವೂ ಹೆರಿಗೆ ಆಸ್ಪತ್ರೆಗಳೇ. 2024ರಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿದ ಕರ್ನಾಟಕ ಸರಕಾರ, ಸೊಳ್ಳೆ ಬೆಳೆಯಲು ಬಿಟ್ಟ ಮನೆಯವರಿಗೆ ನಗರದಲ್ಲಿ 400, ಹಳ್ಳಿಯಲ್ಲಿ 200 ರೂಪಾಯಿ ದಂಡ ಗೊತ್ತುಮಾಡಿತು. ಒಂದು ರಾತ್ರಿಯ ಆಸ್ಪತ್ರೆ ಖರ್ಚಿಗೆ ಹೋಲಿಸಿದರೆ ದಂಡವೇ ಅಗ್ಗ.

ಚೆಲ್ಲಲಾಗದ ನೀರಿಗೆ, ಅಂದರೆ ತೋಟದ ತೊಟ್ಟಿ, ಕಾರಂಜಿಗೆ, ಬಿಟಿಐ ಎಂಬ ಬ್ಯಾಕ್ಟೀರಿಯಾದ ಪುಡಿ ಅಥವಾ ಬಿಲ್ಲೆ ಬರುತ್ತದೆ. ಸೊಳ್ಳೆಮರಿ ಅದನ್ನು ತಿಂದರೆ ಸಾಯುತ್ತದೆ, ಮೀನು, ಕಪ್ಪೆ, ದನಕರುಗಳಿಗೆ ಏನೂ ಆಗುವುದಿಲ್ಲ. ಗಪ್ಪಿ ಮೀನನ್ನೂ ಬಿಡಬಹುದು, ಮುಚ್ಚಿದ ತೊಟ್ಟಿಗೆ ಮಾತ್ರ. ಇದೇ ಕೆಲಸಕ್ಕೆ ಬಿಡುವ ಗ್ಯಾಂಬೂಸಿಯಾ ಹೊರದೇಶದ ಮೀನು. ಕೆರೆಗೆ ಸೇರಿದರೆ ನಮ್ಮ ಮೀನುಗಳ ಮರಿಗಳನ್ನೂ ಮುಗಿಸುತ್ತದೆ. ಬೀದಿಯಲ್ಲಿ ಹೊಗೆ ಬಿಡುವ ಗಾಡಿ ಆ ಹೊತ್ತಿಗೆ ಹಾರುತ್ತಿರುವ ಸೊಳ್ಳೆಯನ್ನಷ್ಟೇ ಕೊಲ್ಲುತ್ತದೆ. ಕಾಯಿಲ್ ಬತ್ತಿಯ ಸಂಗತಿ ಕೇಳಿದರೆ ಗಾಬರಿಯಾಗುತ್ತದೆ: 2003ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ ಒಂದು ಬತ್ತಿ ಉರಿದು ಮುಗಿಯುವಷ್ಟರಲ್ಲಿ 75ರಿಂದ 137 ಸಿಗರೇಟು ಸುಟ್ಟಷ್ಟು ಸೂಕ್ಷ್ಮ ಕಣ ಗಾಳಿಗೆ ಸೇರುತ್ತದೆ. ಬೇವಿನೆಲೆಯ ಹೊಗೆಯೂ ಹೊಗೆಯೇ. ಕಿಟಕಿಗೆ ಜಾಲರಿ, ಹಾಸಿಗೆಗೆ ಪರದೆ, ಮಗು ಮಧ್ಯಾಹ್ನ ಮಲಗಿದಾಗಲೂ ಪರದೆ, ಕಾಲ ಬಳಿ ಒಂದು ಟೇಬಲ್ ಫ್ಯಾನ್. ಸೊಳ್ಳೆ ದುರ್ಬಲ ಹಾರಾಟಗಾರ, ಫ್ಯಾನಿನ ಗಾಳಿಗೆ ಎದುರಾಗಿ ಬಂದು ಕೂರಲಾರದು.

ಇರುವೆಗೆ ಹೆಚ್ಚು ಮಾತು ಬೇಕಿಲ್ಲ. ಸಾಲು ಹಿಡಿದು ಬರುವುದು ಮುಂದೆ ಹೋದವು ಬಿಟ್ಟ ವಾಸನೆಯ ಜಾಡಿನಲ್ಲಿ. ಸೋಪಿನ ನೀರಿನಲ್ಲಿ ಜಾಡು ಒರೆಸಿ, ಗೋಡೆಯ ಸಂದು ಮುಚ್ಚಿದರೆ ಸಾಲು ಮುರಿಯುತ್ತದೆ. ತುಪ್ಪದ ಗಿಂಡಿಯನ್ನು ನೀರಿನ ತಟ್ಟೆಯಲ್ಲಿ ಇಡುವ ಅಜ್ಜಿಯರ ಉಪಾಯಕ್ಕೆ ಇಂದಿಗೂ ಸೋಲಿಲ್ಲ. ತೀರ ಕಾಟವಾದರೆ ಗ್ರಂಧಿಗೆ ಅಂಗಡಿಯ ಬಿಳಿಗಾರವನ್ನು ಸಕ್ಕರೆ ಪಾಕಕ್ಕೆ ಚಿಟಿಕೆಯಷ್ಟು ಬೆರೆಸಿ, ಹತ್ತಿಯಲ್ಲಿ ಅದ್ದಿ ಮಕ್ಕಳಿಗೆ ಎಟುಕದ ಕಡೆ ಇಡಿ. ಹೆಚ್ಚು ಹಾಕಿದರೆ ಕೆಲಸಗಾರ ಇರುವೆ ದಾರಿಯಲ್ಲೇ ಸಾಯುತ್ತದೆ. ಕಡಿಮೆಯಿದ್ದರೆ ಗೂಡಿಗೆ ಒಯ್ದು ರಾಣಿಗೂ ಉಣಿಸುತ್ತದೆ.

ಗೆದ್ದಲಿಗೆ ತೇವ ಬೇಕು. ಗೋಡೆಯ ಮೇಲೆ ಮಣ್ಣಿನ ಸುರಂಗ ಕಂಡರೆ ಕೆರೆದು ಹಾಕುವುದರ ಜೊತೆಗೆ ಅದು ಯಾವ ಸೋರಿಕೆಯಿಂದ ಬಂತು ಎಂದು ಹುಡುಕಿ. ರಟ್ಟಿನ ಪೆಟ್ಟಿಗೆ, ಹಳೆ ಪೇಪರನ್ನು ನೆಲಕ್ಕೆ ತಾಗಿಸಿ ಇಡಬೇಡಿ. ಕರಾವಳಿಯಲ್ಲಿ ದೋಣಿಗೂ ಮನೆಯ ಜಂತಿಗೂ ಗೇರೆಣ್ಣೆ ಬಳಿಯುವ ರೂಢಿಯಿದೆ, ಗೆದ್ದಲು ಆ ಮರದ ತಂಟೆಗೆ ಬರುವುದಿಲ್ಲ. ಹಚ್ಚುವವರ ಚರ್ಮವನ್ನು ಅದು ಸುಡುತ್ತದೆ, ಕೈಗವಸು ಮರೆಯಬಾರದು. ಅಡಿಪಾಯದಿಂದಲೇ ಹತ್ತಿದ ಗೆದ್ದಲಿಗೆ ಮಾತ್ರ ಮನೆಮದ್ದು ಸಾಲದು, ಬಲ್ಲವರನ್ನು ಕರೆಸಲೇಬೇಕು.

ಅಪಾರ್ಟ್‌ಮೆಂಟಿನ ಸಜ್ಜದ ಕೆಳಗೆ ಕಟ್ಟಿದ ಹೆಜ್ಜೇನನ್ನು ಇದೇ ಪಟ್ಟಿಗೆ ಸೇರಿಸಿ ಸಂಜೆ ಹೊತ್ತು ವಿಷ ಹೊಡೆಸುವುದು ಬೆಂಗಳೂರಿನಲ್ಲಿ ಮಾಮೂಲಾಗಿದೆ. ಜೇನು ಪೀಡೆಯಲ್ಲ. ಮರದ ಕೊಂಬೆಗೋ ಬಾಲ್ಕನಿಗೋ ಬಂದು ಜೋತುಬಿದ್ದ ಹಿಂಡು ಹಲವು ಸಲ ದಣಿವಾರಿಸಿಕೊಂಡು ಒಂದೆರಡು ದಿನದಲ್ಲಿ ಹೊರಟುಹೋಗುತ್ತದೆ. ಹೆಜ್ಜೇನು ಋತುವಿಗೆ ತಕ್ಕಂತೆ ವಲಸೆ ಹೋಗುವ ಜಾತಿ. ಗೂಡಿನ ಕಡೆಯ ಕಿಟಕಿ ಮುಚ್ಚಿ, ರಾತ್ರಿ ಆ ಕಡೆಯ ದೀಪ ಆರಿಸಿ, ಕಾಯುವುದು ಸಾಧ್ಯವಿದ್ದರೆ ಕಾಯಿರಿ. ಸಾಧ್ಯವೇ ಇಲ್ಲದ ಜಾಗವಾದರೆ ಜೇನನ್ನು ಕೊಲ್ಲದೆ ತೆಗೆಯುವ ಪರಿಣತರಿದ್ದಾರೆ.

ಪ್ಲಗ್ಗಿಗೆ ಸಿಗಿಸಿದರೆ ಇಲಿ, ಜಿರಳೆ, ಸೊಳ್ಳೆ ಮೂರನ್ನೂ ಶಬ್ದದಿಂದ ಓಡಿಸುತ್ತೇವೆ ಎಂಬ ಯಂತ್ರಗಳ ಬಗ್ಗೆ ಕೇಳುವವರು ಬಹಳ. ಆ ದುಡ್ಡಿಗೆ ಜಾಲರಿ ಬರುತ್ತದೆ, ಜಾಲರಿ ತನ್ನಿ. ‘ಹರ್ಬಲ್’ ಎಂದು ಬರೆದ ಮಾತ್ರಕ್ಕೆ ಔಷಧಿ ಸೌಮ್ಯ ಎಂದೂ ನಂಬಬೇಡಿ. ಕಂಪನಿಯವರನ್ನು ಕರೆಸುವುದಾದರೆ ಅವರ ಪರವಾನಗಿ ನೋಡಿ. 1968ರ ಕೀಟನಾಶಕ ಕಾಯಿದೆಯ ಪ್ರಕಾರ ಅದು ಇರಲೇಬೇಕು. ಯಾವ ರಾಸಾಯನಿಕ ಬಳಸುತ್ತೀರಿ ಎಂದು ಹೆಸರನ್ನು ಕಾಗದದ ಮೇಲೆ ಬರೆಸಿಕೊಳ್ಳಿ, ಎಷ್ಟು ಗಂಟೆ ಒಳಗೆ ಬರಬಾರದು ಎಂದು ಕೇಳಿ, ಅದಕ್ಕಿಂತ ಹೆಚ್ಚು ಹೊತ್ತು ಕಿಟಕಿ ತೆರೆದಿಡಿ. ಯಾವುದೇ ವಿಷ ಯಾರ ಹೊಟ್ಟೆಗಾದರೂ ಹೋದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುತ್ತ ಹೊತ್ತು ಕಳೆಯಬೇಡಿ. ನೇರ ಆಸ್ಪತ್ರೆಗೆ ಹೋಗಿ, ಹೋಗುವಾಗ ಆ ವಿಷದ ಪೊಟ್ಟಣ ಅಥವಾ ಡಬ್ಬಿಯನ್ನು ಜೊತೆಗೆ ಒಯ್ಯಿರಿ. ವೈದ್ಯರು ಮೊದಲು ಕೇಳುವುದೇ ಅದನ್ನು.